ಒಂದು ಕೈಗೆ ಒಗ್ಗುವ ಗಾಳ



ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ, ಕಾಂಡ್ಲಾ ಗಿಡಗಳ ನಡುವಿನ ಹಿನ್ನೀರಿನಲ್ಲಿ ಕಯಾಕ್‌ಗಳು ಓಡಾಡುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಕೆಲವರು ಅದರಲ್ಲಿ ಕೂತು ಹುಟ್ಟು ಹಾಕಿಯೂ ಇರುತ್ತೀರಿ. ಒಬ್ಬರಿಗಷ್ಟೇ ಜಾಗವಿರುವ ಸಪೂರ ದೋಣಿ ಅದು. ಕಾಲು ಚಾಚಿ ಕೂರಬೇಕು. ಸ್ವಲ್ಪ ವಾಲಿದರೂ ನೀರು ಕೈಗೆ ತಾಗುತ್ತದೆ. ಇಂಥದೇ ದೋಣಿಯಲ್ಲಿ ಕೂತು, ಕೊರೆಯುವ ತಣ್ಣೀರಿನ ಸಮುದ್ರದಲ್ಲಿ, 2 ಕಿಲೋದಿಂದ 10 ಕಿಲೋವರೆಗೆ ತೂಗುವ ಸಾಲ್ಮನ್ ಮೀನಿಗೆ ಗಾಳ ಹಾಕುವವರಿದ್ದಾರೆ. ಅವರು ಯಾವ ಕೋಲು, ಯಾವ ದಾರ, ಯಾವ ಕೊಕ್ಕೆ ಆರಿಸಿಕೊಳ್ಳಬೇಕು, ಏಕೆ ಆರಿಸಿಕೊಳ್ಳಬೇಕು ಎನ್ನುವುದೇ ಇಂದಿನ ನನ್ನ ಮಾತು.

ಮೊದಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ನಮ್ಮ ಕರಾವಳಿಯ ಹೋಟೆಲುಗಳಲ್ಲಿ ರಾವಸ್ ಮೀನನ್ನು ‘ಇಂಡಿಯನ್ ಸಾಲ್ಮನ್’ ಎಂದು ಬರೆದಿರುತ್ತಾರೆ. ರುಚಿಯ ಮೀನು, ಆದರೆ ಅದಕ್ಕೂ ಸಾಲ್ಮನ್‌ಗೂ ಬಳಗದ ಸಂಬಂಧವಿಲ್ಲ. ನಿಜವಾದ ಸಾಲ್ಮನ್ ಹುಟ್ಟುವುದು ತಣ್ಣನೆಯ ಸಿಹಿನೀರಿನ ಹೊಳೆಯಲ್ಲಿ, ಬೆಳೆಯುವುದು ಸಮುದ್ರದಲ್ಲಿ. ಮೊಟ್ಟೆ ಇಡುವ ಕಾಲ ಬಂದಾಗ ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಮರಳುತ್ತದೆ. ಪೆಸಿಫಿಕ್ ಸಾಲ್ಮನ್‌ಗಳು ಮೊಟ್ಟೆಯಿಟ್ಟ ಮೇಲೆ ಅಲ್ಲೇ ಸಾಯುತ್ತವೆ. ಹೀಗೆ ಮರಳುವ ದಾರಿಯಲ್ಲಿ ಅವು ದಡದ ಹತ್ತಿರ ಬರುವ ಕೆಲವು ವಾರಗಳೇ ಕಯಾಕಿನವರ ಸುಗ್ಗಿ.

ನಾನು ಹೇಳುತ್ತಿರುವ ಜಾಗ ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್. ಹಿಮನದಿಗಳು ಕೊರೆದ ಆಳವಾದ ಕಣಿವೆಗಳಿಗೆ ಸಮುದ್ರ ನುಗ್ಗಿ ಆದ ಒಳಗಡಲು ಅದು. ಕೆಲವು ಕಡೆ ಆಳ 280 ಮೀಟರಿನಷ್ಟಿದೆ. ಅದರ ದಡದಲ್ಲೇ ಸಿಯಾಟಲ್ ನಗರ. ಬೆಲ್ವ್ಯೂ, ರೆಡ್ಮಂಡ್ ಊರುಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರ ಮನೆಗಳಿಂದ ಅರ್ಧ ಗಂಟೆಯ ದಾರಿ. ನಾನೂ ಹಾಗೆ ಕೆಲಸಕ್ಕೆಂದು ಹೋಗಿ ಅಲ್ಲಿ ನೆಲೆಸಿದವರಲ್ಲಿ ಒಬ್ಬ. ಊರು ಕುಂದಾಪುರದ ಹತ್ತಿರವಾದ್ದರಿಂದ ಗಾಳ ಹೊಸದಲ್ಲ. ಆದರೆ ಆ ನೀರಿನಲ್ಲಿ, ಆ ದೋಣಿಯಲ್ಲಿ ಗಾಳದ ಪಾಠವನ್ನು ಮೊದಲಿನಿಂದ ಕಲಿಯಬೇಕಾಯಿತು.

ಅಲ್ಲಿಗೆ ಬರುವ ಸಾಲ್ಮನ್‌ಗಳಲ್ಲಿ ಗಾಳದವರು ಮುಖ್ಯವಾಗಿ ಬೆನ್ನು ಹತ್ತುವುದು ಮೂರು ಬಗೆಯನ್ನು. ಎಲ್ಲಕ್ಕಿಂತ ದೊಡ್ಡದು ಚಿನೂಕ್. ‘ಕಿಂಗ್’ ಎಂದೂ ಕರೆಯುತ್ತಾರೆ. ತಳದ ಹತ್ತಿರ, 100 ಅಡಿ ಆಳದ ಆಸುಪಾಸಿನಲ್ಲಿ ಮೇಯುವುದು ಅದರ ರೂಢಿ. ಎರಡನೆಯದು ಕೋಹೋ. ಮೈ ಬೆಳ್ಳಿಯಂತೆ, ಓಟ ಬಾಣದಂತೆ. ಬೆಳಕು ಹರಿಯುವ ಹೊತ್ತಿನಲ್ಲಿ ಮೇಲ್ಮೈಗೆ ಹತ್ತಿರವೇ ಸಿಗುತ್ತದೆ. ಮೂರನೆಯದು ಪಿಂಕ್. 2 ಕಿಲೋ ಆಸುಪಾಸಿನ ಸಣ್ಣ ಮೀನು. ಅದರ ಆಯುಸ್ಸು ಎರಡೇ ವರ್ಷ. ಪ್ಯೂಜೆಟ್ ಸೌಂಡಿಗೆ ಅದು ದೊಡ್ಡ ಸಂಖ್ಯೆಯಲ್ಲಿ ಬರುವುದು ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ, 2023ರಲ್ಲಿ, 2025ರಲ್ಲಿ ಬಂದಂತೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಕಯಾಕ್ ಅಂದರೆ ಇತ್ತೀಚಿನ ಬಣ್ಣದ ಪ್ಲಾಸ್ಟಿಕ್ ಆಟಿಕೆ ಎಂದು ತಿಳಿಯಬಾರದು. ಉತ್ತರ ಧ್ರುವದ ಸುತ್ತಲಿನ ಇನುಯಿಟ್ ಜನ, ಅಲೂಷಿಯನ್ ದ್ವೀಪಗಳ ಉನಂಗನ್ ಜನ ಸಾವಿರಾರು ವರ್ಷಗಳಿಂದ ಕಟ್ಟಿಕೊಂಡು ಬಂದ ದುಡಿಮೆಯ ದೋಣಿ ಅದು. ಕಟ್ಟಿಗೆಯ, ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊಲಿದು ಮಾಡುತ್ತಿದ್ದರು. ಆ ದೋಣಿಯ ಮೇಲೆ ಈಟಿ, ಹಗ್ಗ, ಗಾಳಿ ತುಂಬಿದ ಚರ್ಮದ ಬುರುಡೆ, ಒಂದೊಂದಕ್ಕೂ ಗೊತ್ತಾದ ಜಾಗವಿತ್ತು, ಕಟ್ಟಲು ಚರ್ಮದ ಪಟ್ಟಿಯಿತ್ತು. ಕೂತವನ ಕೈಗೆ ಎಟುಕದ್ದು ಅಲ್ಲಿ ಇರುತ್ತಿರಲಿಲ್ಲ. ಇಂದಿನ ಕಯಾಕಿನವರು ಅವರಿಂದ ಕಲಿಯಬೇಕಾದ ಮೊದಲ ಪಾಠ ಇದೇ.

ಈ ಪಾಠವನ್ನು ನಾನು ಕಲಿತದ್ದು ಒಂದು ಕೋಲನ್ನು ಕಳೆದುಕೊಂಡು. ಮೊದಲ ವರ್ಷ, ಆಗಸ್ಟ್ ತಿಂಗಳ ಒಂದು ಬೆಳಗ್ಗೆ. ನೀರು ಎಣ್ಣೆ ಹಚ್ಚಿದಂತೆ ನುಣ್ಣಗಿತ್ತು. ಎರಡು ಕೋಲು, ಎರಡು ಡಬ್ಬಿ ತುಂಬ ಹುಸಿ ಎರೆ, ದೊಡ್ಡ ಬಲೆ, ಸೀಸದ ಗುಂಡುಗಳ ಚೀಲ ಎಲ್ಲವನ್ನೂ ಹೇರಿಕೊಂಡು ಹೊರಟಿದ್ದೆ. ದೂರದಲ್ಲಿ ಹಾದುಹೋದ ಹಡಗಿನ ಅಲೆ ಬಂತು. ದೋಣಿ ವಾಲದಂತೆ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗೆ ಒತ್ತಿದೆ. ಅದೇ ಹೊತ್ತಿಗೆ ಹಿಂದಿದ್ದ ಕೋಲಿಗೆ ಮೀನು ಬಿತ್ತು. ಕೋಲು ಒಮ್ಮೆ ಬಾಗಿತು, ಇನ್ನೊಮ್ಮೆ ಬಾಗಿತು, ಸಿಕ್ಕಿಸಿದ್ದ ಗೂಡಿನಿಂದ ಕಿತ್ತುಕೊಂಡು ನೀರಿಗೆ ಜಾರಿತು. ಅಲೆ ದಾಟಿ ನಾನು ತಿರುಗಿ ನೋಡುವಾಗ ಅಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಕೋಲು ಹೋದದ್ದಕ್ಕಿಂತ ಹೆಚ್ಚು ನೋವಾದದ್ದು, ಬಾಯಲ್ಲಿ ಕೊಕ್ಕೆ, ಬೆನ್ನ ಹಿಂದೆ ಕೋಲು ಎಳೆದುಕೊಂಡು ಹೋದ ಆ ಮೀನನ್ನು ನೆನೆದು.

ಆ ದಿನದಿಂದ ನಾನು ಪಾಲಿಸುವ ನಿಯಮ ಒಂದೇ. ಕಯಾಕಿನಲ್ಲಿ ಕೂತಿರುವಾಗ ನಿಮ್ಮ ಒಂದು ಕೈ ದೋಣಿಯದು. ಸಮತೋಲಕ್ಕೆ, ಹುಟ್ಟಿಗೆ, ಚುಕ್ಕಾಣಿಗೆ ಅದು ಮೀಸಲು. ಗಾಳಕ್ಕೆ ಉಳಿಯುವುದು ಇನ್ನೊಂದು ಕೈ ಮಾತ್ರ. ಹಾಗಾಗಿ ಪ್ರತಿಯೊಂದು ಸಲಕರಣೆಗೂ ಒಂದೇ ಪರೀಕ್ಷೆ: ಕುಳಿತಲ್ಲೇ, ಒಂದೇ ಕೈಯಲ್ಲಿ ಇದನ್ನು ನಿಭಾಯಿಸಬಹುದೇ? ಆಗುವುದಾದರೆ ತೆಗೆದುಕೊಳ್ಳಿ. ಆಗದಿದ್ದರೆ, ಅದು ಎಷ್ಟೇ ಬೆಲೆಯದಾಗಿರಲಿ, ದೊಡ್ಡ ಮೋಟಾರು ದೋಣಿಯವರಿಗೆ ಬಿಟ್ಟುಬಿಡಿ. ಇದೇ ಪರೀಕ್ಷೆಯನ್ನು ಹಿಡಿದು ಒಂದೊಂದೇ ಸಾಮಾನನ್ನು ನೋಡೋಣ.

ಮೊದಲು ಕೋಲು. ಅಂಗಡಿಯಲ್ಲಿ ಹೊಸಬರು ಗಿಡ್ಡ ಕೋಲಿಗೆ ಕೈ ಹಾಕುತ್ತಾರೆ. ಸಣ್ಣ ದೋಣಿಗೆ ಸಣ್ಣ ಕೋಲು ಸಾಕು ಎಂಬ ಲೆಕ್ಕ. ಇದು ತಪ್ಪು ಲೆಕ್ಕ. ಕೊಕ್ಕೆಗೆ ಬಿದ್ದ ಕೋಹೋ ದೋಣಿಯ ಹತ್ತಿರ ಬಂದ ಮೇಲೆ ಸುಮ್ಮನಿರುವ ಮೀನಲ್ಲ. ತಟ್ಟನೆ ದೋಣಿಯ ಅಡಿಯಿಂದ ಆಚೆ ಬದಿಗೆ ನುಗ್ಗುತ್ತದೆ. ದೊಡ್ಡ ದೋಣಿಯವನು ಎದ್ದು ಆಚೆ ಬದಿಗೆ ನಡೆದುಹೋಗುತ್ತಾನೆ. ಕಯಾಕಿನವನು ಕೂತಲ್ಲೇ ಕೋಲಿನ ತುದಿಯನ್ನು ದೋಣಿಯ ಮೂತಿಯ ಮುಂದಿನಿಂದ ಸುತ್ತುಹಾಕಿ ಆಚೆಗೆ ದಾಟಿಸಬೇಕು. ಕೋಲು ಗಿಡ್ಡವಾದರೆ ದಾರ ದೋಣಿಯ ಅಂಚಿಗೆ ಉಜ್ಜುತ್ತದೆ, ಕೋಲು ಅಂಚಿನ ಮೇಲೆ ಮಡಚಿಕೊಂಡು ಮುರಿಯುತ್ತದೆ. ಆದ್ದರಿಂದ ಏಳೂವರೆಯಿಂದ ಎಂಟೂವರೆ ಅಡಿಯ ಕೋಲು ಬೇಕು. ಅದಕ್ಕಿಂತ ಉದ್ದವಾದರೆ ಮೀನನ್ನು ಬಲೆಯ ಹತ್ತಿರಕ್ಕೆ ತರಲು ಕೈ ಸಾಲದು, ಕೂತವನು ಹಿಂದಕ್ಕೆ ಬಾಗಬೇಕಾಗುತ್ತದೆ. ಹಾಗೆ ಬಾಗುವುದು ಕಯಾಕಿನಲ್ಲಿ ಅಪಾಯ.

ಕೋಲಿನ ಗುಣ ಹೇಗಿರಬೇಕು? ತುದಿ ಮೆತ್ತಗೆ, ಬುಡ ಗಟ್ಟಿ. ಕೋಹೋ, ಪಿಂಕ್ ಮೀನುಗಳ ಬಾಯಿ ಮೃದು. ಬಿರುಸಾದ ಕೋಲಿನಿಂದ ಜಗ್ಗಿದರೆ ಕೊಕ್ಕೆ ಬಾಯನ್ನು ಹರಿದು ಹೊರಬರುತ್ತದೆ. ಬಾಗಿದಷ್ಟೂ ಕೋಲು ಮೀನಿನ ಹೊಡೆತವನ್ನು ತಾನು ಹೀರುತ್ತದೆ. ಫೈಬರ್‌ಗ್ಲಾಸ್ ಬೆರೆತ ಕೋಲುಗಳಲ್ಲಿ ಈ ಗುಣ ಚೆನ್ನಾಗಿರುತ್ತದೆ. ಇನ್ನು ಹಿಡಿ. ರೀಲಿನ ಹಿಂದಿನ ಹಿಡಿ ತುಂಬ ಉದ್ದವಿದ್ದರೆ ಅದು ತೊಟ್ಟಿರುವ ಜೀವರಕ್ಷಕ ಜಾಕೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಅಂಗಡಿಯಲ್ಲಿ ನಿಂತು ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಕೂತು, ಜಾಕೆಟ್ ತೊಟ್ಟು ನೋಡಬೇಕು.

ಎರಡನೆಯದು ರೀಲು ಮತ್ತು ದಾರ. ನನ್ನ ಅನುಭವದಲ್ಲಿ ಕಯಾಕಿಗೆ ಹೇಳಿ ಮಾಡಿಸಿದ್ದು, ಎಷ್ಟು ಅಡಿ ದಾರ ಹೊರಗೆ ಹೋಗಿದೆ ಎಂದು ಎಣಿಸಿ ತೋರಿಸುವ ಸಣ್ಣ ಉರುಳೆ ರೀಲು. ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ದಾರ ಇಳಿಯುತ್ತದೆ, ಅದೇ ಹೆಬ್ಬೆರಳಿನಿಂದ ತಡೆದರೆ ನಿಲ್ಲುತ್ತದೆ. ಒಂದು ಕೈಯ ಪರೀಕ್ಷೆಯಲ್ಲಿ ಪೂರಾ ಪಾಸು. ಒಮ್ಮೆ 62 ಅಡಿಯಲ್ಲಿ ಮೀನು ಬಿತ್ತೆಂದರೆ ಮತ್ತೆ ಅಷ್ಟೇ ದಾರ ಬಿಡಬಹುದು, ಊಹೆಗೆ ಕೆಲಸವಿಲ್ಲ.

ದಾರದಲ್ಲಿ ಹೆಣೆದ ದಾರ ಮೇಲು. 30 ಪೌಂಡ್ ತೂಕ ತಡೆಯುವ ಹೆಣೆದ ದಾರದ ದಪ್ಪ ಸುಮಾರು 8 ಪೌಂಡಿನ ಮಾಮೂಲಿ ನೈಲಾನ್ ದಾರದಷ್ಟೇ. ಸಪೂರವಾದಷ್ಟೂ ಅದನ್ನು ನೀರಿನ ಸೆಳವು ತಳ್ಳುವುದು ಕಡಿಮೆ, ಹಾಗಾಗಿ ಕಡಿಮೆ ಸೀಸದಲ್ಲೇ ಎರೆ ಆಳಕ್ಕೆ ಇಳಿಯುತ್ತದೆ. ಇಲ್ಲಿ ಉಳಿಯುವ ಒಂದೊಂದು ಔನ್ಸ್ ತೂಕವೂ ನಿಮ್ಮ ತೋಳಿಗೆ ಉಳಿತಾಯ. ಆದರೆ ಹೆಣೆದ ದಾರ ಹಿಗ್ಗುವುದಿಲ್ಲ, ನೀರಿನಲ್ಲಿ ಕಾಣುತ್ತದೆ. ಅದಕ್ಕೇ ಎರೆಗೂ ಅದಕ್ಕೂ ನಡುವೆ 20ರಿಂದ 25 ಪೌಂಡಿನ ಪಾರದರ್ಶಕ ಲೀಡರ್ ದಾರ ಕಟ್ಟಬೇಕು.

ಕಯಾಕಿನವರಿಗೆ ಇಲ್ಲಿ ಒಂದು ಅನುಕೂಲವೂ ಇದೆ. ದೊಡ್ಡ ದೋಣಿಯಲ್ಲಿ ಮೀನು ಎಳೆದಾಗ ಅದರ ಪೂರ್ತಿ ಸೆಳೆತ ದಾರದ ಮೇಲೆ ಬೀಳುತ್ತದೆ. ಕಯಾಕ್ ಹಗುರ. ಮೀನು ಎಳೆದರೆ ದೋಣಿಯೇ ಅದರ ಹಿಂದೆ ನಾಲ್ಕು ಮಾರು ಹೋಗುತ್ತದೆ. ಅಂದರೆ ದೋಣಿಯೇ ಒಂದು ಬ್ರೇಕಿನ ಕೆಲಸ ಮಾಡುತ್ತದೆ. ಆದ್ದರಿಂದ ರೀಲಿನ ಬಿಗಿಯನ್ನು ಸಡಿಲವಾಗಿಯೇ ಇಡಬಹುದು. ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದರೆ 2 ಕಿಲೋ ಸುಮಾರಿಗೆ ದಾರ ಜಾರಲಿ. ದಾರ ತುಂಡಾಗುವುದಿಲ್ಲ, ಬಾಯಿ ಹರಿಯುವುದಿಲ್ಲ, ದೋಣಿ ವಾಲುವುದಿಲ್ಲ.

ಮೂರನೆಯದು ಆಳ. ಸಾಲ್ಮನ್ ಬೇಟೆಯಲ್ಲಿ ಎರೆಯ ಬಣ್ಣಕ್ಕಿಂತ ದೊಡ್ಡ ಪ್ರಶ್ನೆ ಎರೆ ಯಾವ ಆಳದಲ್ಲಿದೆ ಎನ್ನುವುದು. ಆಳಕ್ಕೆ ಇಳಿಸಲು ಮೂರು ದಾರಿಗಳಿವೆ.

ಒಂದು, ಬಾಳೆಕಾಯಿಯ ಆಕಾರದ ಸೀಸ. 2ರಿಂದ 6 ಔನ್ಸಿನದು. ದಾರಕ್ಕೂ ಲೀಡರಿಗೂ ನಡುವೆ ಕಟ್ಟುತ್ತಾರೆ. ಇದಕ್ಕೆ ಒಂದು ಚರಿತ್ರೆ ಇದೆ. ಸಿಯಾಟಲ್‌ನ ಎಲಿಯಟ್ ಕೊಲ್ಲಿಯಲ್ಲಿ ಜಪಾನೀ ಮೂಲದ ಮೀನುಗಾರರು ಚಳಿಗಾಲದ ಚಿನೂಕ್ ಹಿಡಿಯಲು ಇಂಥ ಸೀಸ, ಉದ್ದದ ಮೆತ್ತನೆ ಕೋಲು, ಕತ್ತರಿಸಿದ ಹೆರಿಂಗ್ ಮೀನು ಇಷ್ಟನ್ನೇ ಇಟ್ಟುಕೊಂಡು ಒಂದು ಪದ್ಧತಿಯನ್ನು ಬೆಳೆಸಿದರು. ಅದಕ್ಕೆ ‘ಮೂಚಿಂಗ್’ ಎಂದು ಹೆಸರು. ಮೋಟಾರು ಓಡಿಸದೆ, ಸೆಳವಿನ ಜತೆ ತೇಲುತ್ತ, ಎರೆಯನ್ನು ಇಳಿಸುತ್ತ ಏರಿಸುತ್ತ ಹಿಡಿಯುವುದು. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ, ಅಮೆರಿಕ ಸರಕಾರ ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಯುದ್ಧ ಮುಗಿದ ಮೇಲೆ ಮರಳಿ ಬಂದು ಅವರು ಅದೇ ಕೊಲ್ಲಿಯಲ್ಲಿ ಮತ್ತೆ ಗಾಳ ಹಾಕಿದರು. ಅವರ ಟೆಂಗು ಕ್ಲಬ್ಬಿನ ಚಳಿಗಾಲದ ಸ್ಪರ್ಧೆ ಈ ಪದ್ಧತಿಗೇ ಹೆಸರಾದದ್ದು. ಅತಿ ಕಡಿಮೆ ಸಾಮಾನಿನಲ್ಲಿ ಅತಿ ಹೆಚ್ಚು ಕೌಶಲ ಬೇಡುವ ಈ ಕಲೆ ಕಯಾಕಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ಮೊದಲ ವರ್ಷ ಇದೊಂದನ್ನೇ ಕಲಿತರೂ ಸಾಕು ಎನ್ನುತ್ತೇನೆ.

ಎರಡನೆಯದು ಡೈವರ್ ಎಂಬ ಅಂಗೈ ಅಗಲದ ಪ್ಲಾಸ್ಟಿಕ್ ಬಿಲ್ಲೆ. ದೋಣಿ ಮುಂದಕ್ಕೆ ಹೋದಂತೆ ನೀರೇ ಅದನ್ನು ಕೆಳಕ್ಕೆ ಒತ್ತುತ್ತದೆ. ಮೀನು ಕಚ್ಚಿದೊಡನೆ ಬಿಲ್ಲೆ ಮಗುಚಿಕೊಂಡು ಎಳೆತ ಕಡಿಮೆಯಾಗುತ್ತದೆ. ಪೆಡಲ್ ತುಳಿಯುವ ಕಯಾಕಿಗೆ ಇದು ಅನುಕೂಲ. ಬರಿಯ ಹುಟ್ಟಿನಲ್ಲಿ ನಡೆಸುವವರಿಗೆ ಬೆಳಗಿನಿಂದ ಎಳೆದರೆ ಭುಜ ಸೋಲುತ್ತದೆ.

ಮೂರನೆಯದು ಡೌನ್‌ರಿಗರ್. ದೋಣಿಯ ಬದಿಗೆ ಕೂರಿಸಿದ ರಾಟೆಯಿಂದ ಭಾರದ ಸೀಸದ ಗುಂಡನ್ನು ಆಳಕ್ಕೆ ಇಳಿಸಿ, ಅದಕ್ಕೆ ಚಿಮುಟದಿಂದ ಗಾಳದ ದಾರವನ್ನು ಸಿಕ್ಕಿಸುವುದು. ದೊಡ್ಡ ದೋಣಿಗಳು 10–12 ಪೌಂಡಿನ ಗುಂಡು ಬಳಸುತ್ತವೆ, ಕಯಾಕಿನವರು 4–6 ಪೌಂಡಿನದು. ಆಳ ಕರಾರುವಾಕ್ಕಾಗಿ ಸಿಗುತ್ತದೆ, ನಿಜ. ಆದರೆ ಗುಂಡು ತಳದ ಬಂಡೆಗೆ ಸಿಕ್ಕಿಕೊಂಡು, ಹಿಂದಿನಿಂದ ಉಬ್ಬರದ ಸೆಳವು ತಳ್ಳಿದರೆ, ದೋಣಿ ಒಂದು ಬದಿಗೆ ಮಗುಚಬಹುದು. ಮೂರು ನಾಲ್ಕು ವರ್ಷ ನೀರು ಕಂಡವರಿಗೆ, ಅದೂ ದಾರ ಕತ್ತರಿಸುವ ಚಾಕು ಎದೆಯ ಮೇಲೇ ಇದ್ದವರಿಗೆ ಮಾತ್ರ ಇದು.

ಸೀಸವೊಂದನ್ನೇ ಬಳಸುವವರಿಗೆ ಒಂದು ಸುಲಭದ ಲೆಕ್ಕ. ದಾರ ನೀರಿಗೆ 45 ಡಿಗ್ರಿ ಓರೆಯಲ್ಲಿ ಇಳಿಯುತ್ತಿದ್ದರೆ, 100 ಅಡಿ ದಾರ ಬಿಟ್ಟಾಗ ಎರೆ ಸುಮಾರು 70 ಅಡಿ ಆಳದಲ್ಲಿರುತ್ತದೆ. ಓರೆ ಇನ್ನೂ ಮಲಗಿದರೆ ವೇಗ ತಗ್ಗಿಸಿ, ಇಲ್ಲವೇ ಸೀಸ ಹೆಚ್ಚಿಸಿ.

ಈಗ ಎರೆಯ ಮಾತು. ಸಾಲ್ಮನ್‌ನವರ ಡಬ್ಬಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಫ್ಲ್ಯಾಷರ್, ಅಡಿಗೋಲಿನಂಥ ಮಿರುಗುವ ಪಟ್ಟಿ. ನೀರಿನಲ್ಲಿ ಸುತ್ತುತ್ತ ದೂರದ ಮೀನನ್ನು ಕರೆಯುತ್ತದೆ, ಹಿಂದಿನ ಎರೆಯನ್ನೂ ಜೀವ ಬಂದಂತೆ ಬಳುಕಿಸುತ್ತದೆ. ಎಲ್ಲರೂ ಕೊಳ್ಳುವುದು 11 ಇಂಚಿನದು. ಮೋಟಾರಿಗೆ ಅದು ಲೆಕ್ಕಕ್ಕಿಲ್ಲ. ಕಾಲಿನಿಂದಲೋ ಕೈಯಿಂದಲೋ ದೋಣಿ ನಡೆಸುವವರಿಗೆ ಅದು ಹಿಂದೆ ಬಕೆಟ್ ಕಟ್ಟಿಕೊಂಡು ಎಳೆದಂತೆ. 8 ಇಂಚಿನದು ಸಾಕು. ಅದರ ಹಿಂದಿನ ಲೀಡರ್ ಉದ್ದದ ಮೇಲೂ ಗಮನವಿರಲಿ. ಎರೆ ಪ್ಲಾಸ್ಟಿಕ್ ಬೊಂಡಾಸವಾದರೆ 30ರಿಂದ 40 ಇಂಚು, ಚಮಚೆಯಾಕಾರದ ಲೋಹದ ಎರೆಯಾದರೆ 4ರಿಂದ 6 ಅಡಿ. ಬೊಂಡಾಸಕ್ಕೆ ತನ್ನದೇ ಚಲನೆ ಇಲ್ಲ, ಫ್ಲ್ಯಾಷರಿನ ಹೊಡೆತವೇ ಅದನ್ನು ಕುಣಿಸಬೇಕು. ಚಮಚೆ ತಾನೇ ಹೊಯ್ದಾಡುತ್ತದೆ, ಅದಕ್ಕೆ ದೂರ ಬೇಕು. ಕೂತು ಕೋಲೆತ್ತುವವನಿಗೆ 6 ಅಡಿಯ ಲೀಡರ್ ತುದಿಯಲ್ಲಿರುವ ಮೀನು ಬಲೆಗೆ ಎಟುಕುವುದಿಲ್ಲ ಎನ್ನುವುದನ್ನೂ ನೆನಪಿಡಿ. 4 ಅಡಿಯಲ್ಲಿ ನಿಲ್ಲಿಸುವುದು ಕ್ಷೇಮ.

ಬಣ್ಣಗಳ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಖಚಿತವಾದದ್ದು ಇಷ್ಟು: ನೀರು ಆಳವಾದಂತೆ ಮೊದಲು ಮಾಯವಾಗುವುದು ಕೆಂಪು. ಹಸಿರು, ನೀಲಿ ಹೆಚ್ಚು ಆಳದವರೆಗೆ ಉಳಿಯುತ್ತವೆ. ಆದ್ದರಿಂದ ಆಳದ ಚಿನೂಕಿಗೆ ಹಸಿರು, ಬಿಳಿ, ಕತ್ತಲಲ್ಲಿ ಹೊಳೆಯುವಂಥದು. ಪಿಂಕ್ ಮೀನಿಗೆ ಗುಲಾಬಿ ಬಣ್ಣದ ಸಣ್ಣ ಬೊಂಡಾಸ, ಇಷ್ಟೇ. ಡಬ್ಬಿಯಲ್ಲಿ ಎಂಟು ಎರೆ ಸಾಕು. ನಲವತ್ತಿದ್ದರೆ ಮೀನು ಹಿಡಿಯುವ ಹೊತ್ತೆಲ್ಲ ಎರೆ ಬದಲಿಸುವುದರಲ್ಲೇ ಕಳೆಯುತ್ತದೆ.

ನಿಜವಾದ ಮೀನಿನ ಎರೆಯೇ ಬೇಕೆನ್ನುವವರಿಗೆ ನಮ್ಮ ಬೂತಾಯಿಯನ್ನು ಹೋಲುವ ಹೆರಿಂಗ್ ಇದೆ. ಹಿಂದಿನ ರಾತ್ರಿಯೇ ಕಲ್ಲುಪ್ಪಿನ ನೀರಿನಲ್ಲಿ ಹಾಕಿಟ್ಟರೆ ಮಾಂಸ ಗಟ್ಟಿಯಾಗುತ್ತದೆ, ಹುರುಪೆ ಉದುರುವುದಿಲ್ಲ. ತಲೆಯ ಹಿಂದೆ ಓರೆಯಾಗಿ ಕತ್ತರಿಸಬೇಕು. ಆ ಓರೆಯೇ ಅದನ್ನು ನೀರಿನಲ್ಲಿ ತಿರುಗಿಸುತ್ತದೆ. ಈ ಕತ್ತರಿಸುವ ಕೆಲಸಕ್ಕೆ ಎರಡು ಕೈ ಬೇಕು, ಆದ್ದರಿಂದ ಅದನ್ನು ಮನೆಯಲ್ಲೇ ಮುಗಿಸಿ ತನ್ನಿ.

ಇನ್ನು ಕೊಕ್ಕೆ. ಮಾಮೂಲಿ ಕೊಕ್ಕೆಯ ಮೊನೆಯ ಕೆಳಗೆ ಹಿಂದಕ್ಕೆ ಚಾಚಿದ ಒಂದು ಪುಟ್ಟ ಮುಳ್ಳು ಇರುತ್ತದೆ. ಒಳಹೊಕ್ಕದ್ದು ಹೊರಬಾರದಂತೆ ತಡೆಯುವುದು ಅದೇ. ಪ್ಯೂಜೆಟ್ ಸೌಂಡಿನಲ್ಲಿ ಸಾಲ್ಮನ್‌ಗೆ ಆ ಮುಳ್ಳಿಲ್ಲದ, ಒಂದೇ ಮೊನೆಯ ಕೊಕ್ಕೆ ಬಳಸಬೇಕೆಂಬುದು ಕಾನೂನು. ಮುಳ್ಳಿದ್ದರೆ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಬಟ್ಟೆಗೆ ಚುಚ್ಚಿ ಎಳೆದು ನೋಡಿ. ಎಳೆ ಸಿಕ್ಕಿಕೊಳ್ಳದೆ ಬಂದರೆ ಸರಿ. ಮುಳ್ಳಿಲ್ಲದಿದ್ದರೆ ಮೀನು ತಪ್ಪಿಹೋಗುತ್ತದೆ ಎಂದು ಹೊಸಬರು ಹೆದರುತ್ತಾರೆ. ದಾರವನ್ನು ಸಡಿಲ ಬಿಡದೆ ಕೋಲನ್ನು ಬಾಗಿಸಿಯೇ ಹಿಡಿದರೆ ತಪ್ಪುವುದು ಅಪರೂಪ. ಮೀನು ಪಟಪಟ ಬಡಿಯುವಾಗ ಕೊಕ್ಕೆ ನಿಮ್ಮ ಕೈಗೇ ನಾಟಬಹುದು. ದಡದಿಂದ ಒಂದು ಮೈಲಿ ದೂರದಲ್ಲಿ, ಮುಳ್ಳಿಲ್ಲದ ಕೊಕ್ಕೆಯ ಬೆಲೆ ಆಗ ಗೊತ್ತಾಗುತ್ತದೆ.

ಕೊನೆಯದು ಬಲೆ. ಗಂಟುಗಳಿಲ್ಲದ, ರಬ್ಬರ್ ಹೊದಿಸಿದ ಹಿಡಿಬಲೆ. ಹಿಡಿ ಮೊಣಕೈಯಿಂದ ಬೆರಳತುದಿಯಷ್ಟು ಉದ್ದವಿದ್ದರೆ ಸಾಕು. ಅದನ್ನು ಬಳಸುವ ಒಂದು ಗಳಿಗೆಯನ್ನು ಹತ್ತಿರದಿಂದ ತೋರಿಸಬೇಕು.

ಮೀನು ದಣಿದು ಬದಿಗೆ ಬಂದಿದೆ. ಎಡಗೈಯಲ್ಲಿ ಕೋಲು ಮೇಲಕ್ಕೆ, ಬಲಗೈಯಲ್ಲಿ ಬಲೆ ನೀರಿನೊಳಗೆ. ಆ ಒಂದು ಗಳಿಗೆ ಎರಡು ಕೈಯೂ ಮೀನಿನದು, ಹಾಗಾಗಿ ಸೊಂಟ ಅಲ್ಲಾಡದಂತೆ ನೆಟ್ಟಗೆ ಕೂರಬೇಕು. ತಲೆ ಮುಂದಾಗಿ ಮೀನು ಬಲೆಗೆ ಬಂತು. ಎತ್ತಬಾರದು. ಬಲೆಯ ಹಿಡಿಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದು, ನೀರಿನಲ್ಲೇ ನೋಡಬೇಕು. ಬಾಯೊಳಗೆ ಕೆಳ ಒಸಡು ಕಪ್ಪಾಗಿದೆಯೇ? ಬಾಲದ ಮೇಲೆ ಕೆಳಗೆ ಎರಡೂ ಭಾಗದಲ್ಲಿ ಚುಕ್ಕೆಗಳಿವೆಯೇ? ಹಾಗಾದರೆ ಚಿನೂಕ್. ಒಸಡು ಬೆಳ್ಳಗಿದ್ದು ಚುಕ್ಕೆ ಬಾಲದ ಮೇಲ್ಭಾಗದಲ್ಲಿ ಮಾತ್ರ ಇದ್ದರೆ ಕೋಹೋ. ಆಮೇಲೆ ಬೆನ್ನಿನ ಹಿಂಭಾಗ. ಬಾಲಕ್ಕೆ ಸ್ವಲ್ಪ ಮುಂದೆ, ಹೆಬ್ಬೆರಳಿನ ಉಗುರಿನಷ್ಟು ಗಾತ್ರದ ಒಂದು ಮೆತ್ತನೆಯ ರೆಕ್ಕೆ ಇರುತ್ತದೆ. ಸರಕಾರಿ ಮರಿ ಕೇಂದ್ರಗಳಲ್ಲಿ ಬೆಳೆಸಿ ಬಿಟ್ಟ ಮೀನಿಗೆ ಮರಿಯಿರುವಾಗಲೇ ಆ ರೆಕ್ಕೆಯನ್ನು ಕತ್ತರಿಸಿರುತ್ತಾರೆ. ಅಲ್ಲಿ ಬರಿ ಗಾಯ ಮಾಗಿದ ಗುರುತಿದ್ದರೆ, ಋತುವಿನ ನಿಯಮ ಒಪ್ಪಿದರೆ, ಅದು ನಿಮ್ಮ ಮನೆಗೆ. ರೆಕ್ಕೆ ಇಡಿಯಾಗಿದ್ದರೆ ಅದು ಹೊಳೆಯಲ್ಲೇ ಹುಟ್ಟಿದ ಕಾಡಿನ ಮೀನೆಂದು ಲೆಕ್ಕ, ಚಿನೂಕ್ ಆದರೆ ಸಾಮಾನ್ಯವಾಗಿ ಬಿಡಲೇಬೇಕು. ಬಿಡಬೇಕಾದ ಮೀನನ್ನು ದೋಣಿಯೊಳಗೆ ಎತ್ತಿಕೊಳ್ಳುವಂತೆಯೂ ಇಲ್ಲ. ಇಕ್ಕಳದಿಂದ ಕೊಕ್ಕೆಯನ್ನು ಹಿಡಿದು ಒಮ್ಮೆ ತಿರುಚಿದರೆ, ಮುಳ್ಳಿಲ್ಲದ ಕೊಕ್ಕೆ ಒಂದೇ ಕೈಗೆ ಕಳಚಿಕೊಳ್ಳುತ್ತದೆ. ಬಲೆಯನ್ನು ಓರೆ ಮಾಡಿದರೆ ಮೀನು ಒಂದು ಕ್ಷಣ ಅಲ್ಲೇ ನಿಂತು, ಕಿವಿರು ಎರಡು ಸಲ ಆಡಿಸಿ, ಹಸಿರು ನೀರಿನೊಳಗೆ ಇಳಿದುಹೋಗುತ್ತದೆ. ಹಿಡಿದ ಮೀನುಗಳಿಗಿಂತ ಹೀಗೆ ಇಳಿದುಹೋದವೇ ನನಗೆ ಹೆಚ್ಚು ನೆನಪಿವೆ.

ಇಷ್ಟು ಕಟ್ಟುನಿಟ್ಟು ಏಕೆ ಎಂದು ನೀವು ಕೇಳಬಹುದು. ಅಣೆಕಟ್ಟುಗಳು, ಕಾಡು ಕಡಿತ, ಊರುಗಳ ಬೆಳವಣಿಗೆ, ಮಿತಿಮೀರಿದ ಮೀನುಗಾರಿಕೆ, ಇವೆಲ್ಲ ಸೇರಿ ಪ್ಯೂಜೆಟ್ ಸೌಂಡಿನ ಕಾಡು ಚಿನೂಕ್ ಕುಗ್ಗಿತು. 1999ರಲ್ಲಿ ಅದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಅದೇ ನೀರಿನಲ್ಲಿ ಓಡಾಡುವ ಓರ್ಕಾ ತಿಮಿಂಗಿಲಗಳ ಒಂದು ಬಳಗಕ್ಕೆ ಚಿನೂಕೇ ಮುಖ್ಯ ಆಹಾರ. 2005ರಲ್ಲಿ ಆ ಬಳಗವೂ ಅಳಿವಿನ ಪಟ್ಟಿ ಸೇರಿತು. ಇನ್ನೊಂದು ಮಾತು. ಆ ಮೀನು ಮೊದಲಿನಿಂದ ಅಲ್ಲಿನ ಮೂಲನಿವಾಸಿ ಜನರದು. 1850ರ ದಶಕದ ಒಪ್ಪಂದಗಳಲ್ಲಿ ನೆಲ ಬಿಟ್ಟುಕೊಟ್ಟಾಗಲೂ ಮೀನು ಹಿಡಿಯುವ ಹಕ್ಕನ್ನು ಅವರು ಉಳಿಸಿಕೊಂಡರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಅವರು ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಒಪ್ಪಂದದ ಬುಡಕಟ್ಟುಗಳದು ಎಂದು ತೀರ್ಪು ಕೊಟ್ಟರು. ಹೊರಗಿನಿಂದ ಹೋಗಿ ನೆಲೆಸಿದ ನಮ್ಮಂಥವರು ಆ ನೀರಿಗೆ ಗಾಳ ಇಳಿಸುವಾಗ ಇದೆಲ್ಲ ಗೊತ್ತಿರಬೇಕು. ಪರವಾನಗಿ ಪಡೆಯುವುದು, ಇಟ್ಟುಕೊಂಡ ಮೀನನ್ನು ಆಗಲೇ ದಾಖಲೆ ಕಾರ್ಡಿನಲ್ಲಿ ಬರೆಯುವುದು, ಹೊರಡುವ ದಿನ ವಾಷಿಂಗ್ಟನ್ ಮೀನು ಮತ್ತು ವನ್ಯಜೀವಿ ಇಲಾಖೆಯ ನಿಯಮ ನೋಡುವುದು, ಇವೂ ಗಾಳದ ಸಾಮಾನಿನಲ್ಲಿ ಸೇರಿದವೇ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಬೇಸಿಗೆಯಲ್ಲೂ ಆ ನೀರು 10ರಿಂದ 14 ಡಿಗ್ರಿಯಷ್ಟು ತಣ್ಣಗಿರುತ್ತದೆ. ತಣ್ಣೀರಿಗೆ ಬಿದ್ದವರ ಬಗ್ಗೆ ಅಲ್ಲಿ ಕಲಿಸುವ ಒಂದು ಲೆಕ್ಕವಿದೆ: 1, 10, 1. ಏದುಸಿರು ಹತೋಟಿಗೆ ಬರಲು 1 ನಿಮಿಷ. ಕೈಕಾಲು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ. ಪ್ರಜ್ಞೆ ತಪ್ಪುವ ಮೊದಲು ಸುಮಾರು 1 ಗಂಟೆ. ಆ ಒಂದು ಗಂಟೆಯೂ ಸಿಗುವುದು ಜೀವರಕ್ಷಕ ಜಾಕೆಟ್ ತೊಟ್ಟವರಿಗೆ ಮಾತ್ರ. ಜಾಕೆಟ್, ನೀರು ಒಳಗೆ ಬಾರದ ಡ್ರೈಸೂಟ್, ಎದೆಗೆ ಸಿಕ್ಕಿಸಿದ ವಿಎಚ್‌ಎಫ್ ರೇಡಿಯೋ, ಈ ಮೂರನ್ನು ಕೊಂಡ ಮೇಲೆ ಉಳಿದ ಹಣದಲ್ಲಿ ಕೋಲು ಕೊಳ್ಳಿ. ಆ ರೇಡಿಯೋದಲ್ಲಿ 16ನೆಯ ಚಾನೆಲ್ ಸಹಾಯ ಕೂಗುವ ಚಾನೆಲ್. ಮತ್ತು ಕೋಲು, ಬಲೆ, ಇಕ್ಕಳ, ಹುಟ್ಟು, ಯಾವುದೇ ಇರಲಿ, ದಾರ ಹಾಕಿ ದೋಣಿಗೆ ಕಟ್ಟಿ. ಕಟ್ಟದ ಸಾಮಾನು ಸಮುದ್ರದ್ದು.

ಸಿಯಾಟಲ್ ಕಡೆ ಇರುವ ಕನ್ನಡಿಗರೇ, ಅಲ್ಲಿ ಮಕ್ಕಳಿರುವ ತಂದೆ ತಾಯಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಸೆ ಹುಟ್ಟಿದರೆ ಅವರಿಗೆ ನನ್ನ ಒಂದು ಕೋರಿಕೆ ತಲುಪಿಸಿ. ಅಂಗಡಿಗೆ ಹೋಗುವ ಮೊದಲು ಮನೆಯ ನೆಲದ ಮೇಲೆ ಕಾಲು ಚಾಚಿ ಕೂತುಕೊಳ್ಳಿ. ಜಾಕೆಟ್ ತೊಡಿ. ಎಡಗೈಯನ್ನು ಮಂಡಿಯ ಮೇಲಿಡಿ, ಅದು ದೋಣಿಯ ಕೈ. ಬಲಗೈಯೊಂದರಲ್ಲೇ ಕೋಲು ತೆಗೆಯಿರಿ, ದಾರ ಬಿಡಿ, ಡಬ್ಬಿ ತೆರೆಯಿರಿ, ಇಕ್ಕಳ ಹಿಡಿಯಿರಿ. ಆಗದೆ ಹೋದ ಸಾಮಾನನ್ನೆಲ್ಲ ಪಕ್ಕಕ್ಕೆ ಇಡಿ. ನೆಲದ ಮೇಲೆ ಆಗದ್ದು ನೀರಿನ ಮೇಲೆ ಆಗುವುದಿಲ್ಲ. ಉಳಿದಷ್ಟನ್ನು ತೆಗೆದುಕೊಂಡು, ಜತೆಗೊಬ್ಬರನ್ನು ಕರೆದುಕೊಂಡು, ಗಾಳಿಯಿಲ್ಲದ ಬೆಳಗ್ಗೆ ನೀರಿಗಿಳಿಯಿರಿ.